ಆಸ್ಕರ್ ಬಾಗಿಲಲ್ಲಿ ಕನ್ನಡ

ಕಣ್ಣಿನ ಕಲೆಯೊಂದರ ವಿಚಾರವನ್ನು ಕಿವಿಗೆ ಹೇಳಹೊರಡುವುದು ಸ್ವಲ್ಪ ವಿಚಿತ್ರದ ಕೆಲಸವೇ ಸರಿ. ಅದರಲ್ಲಿಯೂ ನಾನು ಸಿನಿಮಾ ಪಂಡಿತನಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಂಪ, ರನ್ನ, ಕುಮಾರವ್ಯಾಸರನ್ನು ಪಾಠ ಹೇಳಿ, ಈಗ ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ ಅಡಿಕೆ ತೋಟದ ಅಂಚಿನ ಹಳೆಯ ಮನೆಯಲ್ಲಿ ಕುಳಿತಿರುವ ಕನ್ನಡ ಮೇಷ್ಟ್ರು. ಇಂಥವನಿಗೆ ಆಸ್ಕರ್ ಪ್ರಶಸ್ತಿಯ ಗೊಡವೆ ಏಕೆ ಎಂದು ಕೇಳುಗರು ಕೇಳಬಹುದು. ಕಾರಣವುಂಟು. ಪ್ರತಿ ವರ್ಷ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಪತ್ರಿಕೆಗಳಲ್ಲಿ ಒಂದು ಸುದ್ದಿ ಬರುತ್ತದೆ: ಈ ಸಾರಿ ಭಾರತದಿಂದ ಆಸ್ಕರ್ ಸ್ಪರ್ಧೆಗೆ ಇಂಥ ಚಿತ್ರ ಹೋಗುತ್ತಿದೆ ಎಂದು. ಆ ಸುದ್ದಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವ ಚಟ ನನಗೆ ಅಂಟಿದೆ. ಹಿಂದಿನ ವರ್ಷಗಳದ್ದನ್ನೂ ಹುಡುಕಿ ತುಂಬಿಸಿದ್ದೇನೆ. 1957ರಿಂದ 2025ರವರೆಗಿನ ಆ ಪಟ್ಟಿಯಲ್ಲಿ ಕನ್ನಡ ಚಿತ್ರ ಒಂದೂ ಇಲ್ಲ. ಗೆದ್ದಿಲ್ಲವೆಂದಲ್ಲ, ಕೊನೆಯ ಐದರ ಸುತ್ತಿಗೆ ಬಂದಿಲ್ಲವೆಂದೂ ಅಲ್ಲ. ಊರ ಗಡಿಯನ್ನೇ ದಾಟಿಲ್ಲ. ಈ ಗೈರುಹಾಜರಿಯ ಚರಿತ್ರೆಯನ್ನು ಸ್ವಲ್ಪ ವಿಚಾರಿಸಬೇಕೆಂಬುದು ಈ ಭಾಷಣದ ಉದ್ದೇಶ.

ಮೊದಲು ಆ ಪ್ರಶಸ್ತಿಯ ಹುಟ್ಟನ್ನು ನೋಡೋಣ. ಹಾಲಿವುಡ್ಡಿನ ಅಕಾಡೆಮಿ ತನ್ನ ಪ್ರಶಸ್ತಿಗಳನ್ನು ಕೊಡಲಾರಂಭಿಸಿದ್ದು 1929ರಲ್ಲಿ. ಬಹಳ ಕಾಲ ಅದು ತಮ್ಮ ಮನೆಯವರಿಗೆ ತಾವೇ ಬಡಿಸಿಕೊಳ್ಳುವ ಊಟವಾಗಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಟಲಿಯ ಹಾಳು ಬಿದ್ದ ಬೀದಿಗಳಿಂದ ಹೊಸ ತೆರನಾದ ಚಿತ್ರಗಳು ಬರತೊಡಗಿದವು. ಬೂಟು ಪಾಲಿಶ್ ಮಾಡುವ ಹುಡುಗರನ್ನು ಕುರಿತ ಡಿ ಸಿಕಾನ 'ಷೂಶೈನ್' ಚಿತ್ರಕ್ಕೆ 1948ರಲ್ಲಿ ಅಕಾಡೆಮಿ ಒಂದು ವಿಶೇಷ ಗೌರವವನ್ನಿತ್ತಿತು. ಆಮೇಲೆ ಅದೇ ನಿರ್ದೇಶಕನ 'ಬೈಸಿಕಲ್ ಥೀವ್ಸ್', ಜಪಾನಿನ ಕುರೊಸಾವಾನ 'ರಾಶೊಮಾನ್' ಇಂಥ ಮನ್ನಣೆ ಪಡೆದವು. ಅಲ್ಲಿಯವರೆಗೂ ಸ್ಪರ್ಧೆಯಿರಲಿಲ್ಲ; ಮೆಚ್ಚಿದವರು ಕರೆದು ಕೊಡುತ್ತಿದ್ದರು. 1956ರ ಚಿತ್ರಗಳಿಂದ ಮೊದಲುಗೊಂಡು ಅದು ಸ್ಪರ್ಧೆಯಾಯಿತು. 'ಪರಭಾಷಾ ಚಿತ್ರ' ಎಂಬ ಹೆಸರು ಬಂತು. ಫೆಲಿನಿಯ 'ಲಾ ಸ್ಟ್ರಾಡಾ' ಆ ಸ್ಪರ್ಧೆಯ ಮೊದಲ ವಿಜೇತ.

ಹೆಸರಿನಲ್ಲಿ ಭಾಷೆ ಇತ್ತು ಸರಿ. ಆದರೆ ಬಾಗಿಲಲ್ಲಿ ನಿಂತು ಚೀಟಿ ಕೇಳುತ್ತಿದ್ದುದು ದೇಶ. ಒಂದು ದೇಶಕ್ಕೆ ಒಂದೇ ಚಿತ್ರ, ಅದನ್ನು ಆ ದೇಶದ ಸಂಸ್ಥೆಯೇ ಆರಿಸಿ ಕಳಿಸಬೇಕು ಎಂಬ ನಿಯಮದ ಮೇಲೆ ಆ ಸ್ಪರ್ಧೆ ಬೆಳೆದುಬಂತು. ಪ್ರಶಸ್ತಿಯ ಒಡೆತನವೂ ದೇಶದ್ದೇ. ನಿರ್ದೇಶಕ ವೇದಿಕೆಗೆ ಹೋಗಿ ದೇಶದ ಪರವಾಗಿ ಕೈಚಾಚುತ್ತಿದ್ದ. ಆ ಬೊಂಬೆಯ ಮೇಲೆ ನಿರ್ದೇಶಕನ ಹೆಸರನ್ನು ಕೆತ್ತುವ ಏರ್ಪಾಡಾದದ್ದು 2014ರಷ್ಟು ಈಚೆಗೆ. 2019ರಲ್ಲಿ ಪ್ರಶಸ್ತಿಯ ಹೆಸರನ್ನು 'ಅಂತರರಾಷ್ಟ್ರೀಯ ಚಿತ್ರ' ಎಂದು ಬದಲಿಸಿದರು. ಆಗ ಹೆಸರಿನಲ್ಲಿದ್ದ ಭಾಷೆಯೂ ಹೊರಟುಹೋಯಿತು.

ಈ ನಿಯಮ ಇಟಲಿಗೆ, ಜಪಾನಿಗೆ, ಸ್ವೀಡನ್ನಿಗೆ ಸಹಜವಾಗಿ ಒಪ್ಪಿತು. ಅಲ್ಲಿ ದೇಶವೆಂದರೆ ಬಹುಮಟ್ಟಿಗೆ ಒಂದು ಭಾಷೆ. ಐಸ್‌ಲ್ಯಾಂಡ್ ಎಂಬ ಪುಟ್ಟ ದ್ವೀಪದ 'ಚಿಲ್ಡ್ರನ್ ಆಫ್ ನೇಚರ್' ಚಿತ್ರ 1991ರ ಸ್ಪರ್ಧೆಯಲ್ಲಿ ಕೊನೆಯ ಐದರಲ್ಲಿ ಸ್ಥಾನ ಪಡೆಯಿತು. ಆಗ ಆ ದೇಶದ ಒಟ್ಟು ಜನಸಂಖ್ಯೆ ಎರಡೂವರೆ ಲಕ್ಷಕ್ಕೆ ತುಸು ಮೇಲೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಆ ಎರಡೂವರೆ ಲಕ್ಷಕ್ಕೆ ವರ್ಷಕ್ಕೊಂದು ಚಿತ್ರದ ಹಕ್ಕು. ಈ ನಾಲ್ಕು ಕೋಟಿಗೆ ಬಂಗಾಳಿ, ಮರಾಠಿ, ತಮಿಳು, ಹಿಂದಿಗಳೊಡನೆ ಹಂಚಿಕೊಂಡ ಒಂದು ಚಿತ್ರದ ಪಾಲು. ಲೆಕ್ಕವನ್ನು ಅತ್ತು ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಭಾರತ ಮೊದಲು ಕಳಿಸಿದ್ದು 'ಮದರ್ ಇಂಡಿಯಾ'. ಅದು 1957ರ ಸ್ಪರ್ಧೆ. ಕೊನೆಯ ಐದರಲ್ಲಿ ನಿಂತು, ಒಂದೇ ಒಂದು ಮತದಿಂದ ಫೆಲಿನಿಯ 'ನೈಟ್ಸ್ ಆಫ್ ಕಬೀರಿಯಾ'ಕ್ಕೆ ಸೋತಿತು ಎಂಬ ಮಾತು ಅಂದಿನಿಂದಲೂ ಚಾಲ್ತಿಯಲ್ಲಿದೆ. ಅದೇ ವರ್ಷ ಸತ್ಯಜಿತ್ ರಾಯರ 'ಅಪರಾಜಿತೊ' ವೆನಿಸ್ಸಿನಲ್ಲಿ ಚಿನ್ನದ ಸಿಂಹವನ್ನು ಗೆದ್ದಿತ್ತೆಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಮುಂದೆ ರಾಯರ 'ಅಪುರ್ ಸಂಸಾರ್', 'ಮಹಾನಗರ್' ಹೋದವು. 1969ರಲ್ಲಿ ತಮಿಳಿನ 'ದೈವ ಮಗನ್' ಹೋಗಿ ದಕ್ಷಿಣದ ಮೊದಲ ಹೆಜ್ಜೆಯಾಯಿತು. 1986ರಲ್ಲಿ ತೆಲುಗಿನ 'ಸ್ವಾತಿ ಮುತ್ಯಂ'. 1997ರಲ್ಲಿ ಮಲಯಾಳದ 'ಗುರು'. ಮಲಯಾಳ ಆಮೇಲೆ ಮತ್ತೆ ಮೂರು ಸಲ ಹೋಯಿತು. ಮರಾಠಿ ಮೂರು ಸಲ, ಗುಜರಾತಿ ಎರಡು ಸಲ, ಅಸ್ಸಾಮಿ ಒಂದು ಸಲ. ಕೊನೆಯ ಐದರವರೆಗೆ ಮುಟ್ಟಿದ್ದು 'ಮದರ್ ಇಂಡಿಯಾ' ಬಿಟ್ಟರೆ 'ಸಲಾಂ ಬಾಂಬೆ' ಮತ್ತು 'ಲಗಾನ್' ಮಾತ್ರ.

ಇನ್ನು ಕನ್ನಡದ ಕಡೆ ತಿರುಗೋಣ. ಕಳಿಸತಕ್ಕದ್ದೇನೂ ನಮ್ಮಲ್ಲಿರಲಿಲ್ಲವೇ? ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯನ್ನು ಕನ್ನಡ ಆರು ಸಲ ಪಡೆದಿದೆ: 1970ರ 'ಸಂಸ್ಕಾರ', 1975ರ 'ಚೋಮನ ದುಡಿ', 1977ರ 'ಘಟಶ್ರಾದ್ಧ', 1986ರ 'ತಬರನ ಕಥೆ', 1997ರ 'ತಾಯಿ ಸಾಹೇಬ', 2001ರ 'ದ್ವೀಪ'. ಇವುಗಳಲ್ಲಿ ಕೊನೆಯ ನಾಲ್ಕು ಒಬ್ಬರೇ ನಿರ್ದೇಶಕರದು, ಗಿರೀಶ ಕಾಸರವಳ್ಳಿಯವರದು. ನಮ್ಮ ಕಡೆಯವನಾಗಿ ನಾನು ಇನ್ನೊಂದು ಮಾತನ್ನು ಸೇರಿಸಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟುವವರೆಗೂ ನಮ್ಮ ಚನ್ನಗಿರಿ ಶಿವಮೊಗ್ಗ ಜಿಲ್ಲೆಯ ತಾಲ್ಲೂಕು. ಆ ಹಳೆಯ ಜಿಲ್ಲೆಯ ಲೆಕ್ಕ ಹಿಡಿದರೆ, ಈ ಆರರಲ್ಲಿ ನಾಲ್ಕು ಚಿತ್ರಗಳ ಮೂಲಕಥೆ ನಮ್ಮ ಜಿಲ್ಲೆಯವರದು. 'ಸಂಸ್ಕಾರ', 'ಘಟಶ್ರಾದ್ಧ' ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರವು. 'ತಬರನ ಕಥೆ' ಕುಪ್ಪಳಿಯ ಮನೆತನದ ತೇಜಸ್ವಿಯವರದು. 'ದ್ವೀಪ' ಸಾಗರದ ನಾ. ಡಿಸೋಜರದು. ಕಾಸರವಳ್ಳಿಯವರೂ ತೀರ್ಥಹಳ್ಳಿ ತಾಲ್ಲೂಕಿನವರೇ. ಒಂದು ಜಿಲ್ಲೆಯ ಮಳೆ, ಮಠ, ಕಚೇರಿ, ಅಣೆಕಟ್ಟುಗಳಿಂದ ಇಷ್ಟು ಕಥೆಗಳು ಹುಟ್ಟಿ, ಇಷ್ಟು ಸಲ ದೆಹಲಿಯ ಮನ್ನಣೆ ಪಡೆದುವು. ಪಡೆದು ಅಲ್ಲಿಯೇ ನಿಂತುವು.

ವರ್ಷಗಳನ್ನು ಜೋಡಿಸಿ ನೋಡಿದಾಗ ನನಗೆ ಹೆಚ್ಚು ನೋವಾದದ್ದು ಬೇರೊಂದು ಸಂಗತಿಯಿಂದ. 'ಘಟಶ್ರಾದ್ಧ' ಬಂದ ಕಾಲದಲ್ಲಿ, ಅಂದರೆ 1977ರ ಸ್ಪರ್ಧೆಗೆ ಶ್ಯಾಮ್ ಬೆನಗಲ್ಲರ 'ಮಂಥನ್', 1978ರ ಸ್ಪರ್ಧೆಗೆ ರಾಯರ 'ಶತ್ರಂಜ್ ಕೆ ಖಿಲಾಡಿ' ಹೋದವು. ಎರಡೂ ದೊಡ್ಡ ಚಿತ್ರಗಳು. ಅವುಗಳ ಎದುರು ನಮ್ಮದು ಹೋಗಲಿಲ್ಲವೆಂದರೆ ತಕರಾರೇನೂ ಇಲ್ಲ; ಪಂದ್ಯದಲ್ಲಿ ಸೋಲುವುದು ಮರ್ಯಾದೆಯೇ. ಆದರೆ 1970ರಲ್ಲಿ, ಮತ್ತೆ 1975 ಹಾಗೂ 1976ರಲ್ಲಿ ಭಾರತ ಯಾವ ಚಿತ್ರವನ್ನೂ ಕಳಿಸಲಿಲ್ಲ. 'ಸಂಸ್ಕಾರ'ದ ವರ್ಷ, 'ಚೋಮನ ದುಡಿ'ಯ ವರ್ಷ. ಕುರ್ಚಿ ಖಾಲಿಯಿತ್ತು; ಕೂರಲು ಯೋಗ್ಯರೂ ಇದ್ದರು; ಕರೆಯುವವರಿರಲಿಲ್ಲ.

'ಸಂಸ್ಕಾರ'ದ ಕಥೆ ಸ್ವಲ್ಪ ವಿಶೇಷ. ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ. ಕನ್ನಡ ಕಾದಂಬರಿಯನ್ನು ಹಿಡಿದು, ಟಾಮ್ ಕವಾನ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕನನ್ನು ಕರೆದುಕೊಂಡು ಶೃಂಗೇರಿಯ ಬಳಿಯ ಅಗ್ರಹಾರವೊಂದಕ್ಕೆ ಹೋಗಿ ಚಿತ್ರ ತೆಗೆದರು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಲಂಕೇಶರು ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ಮದರಾಸಿನ ಸೆನ್ಸಾರ್ ಮಂಡಲಿ ಚಿತ್ರವನ್ನು ತಡೆಹಿಡಿಯಿತು. ತಡೆ ತೆರವಾಗಿ, ರಾಷ್ಟ್ರಪ್ರಶಸ್ತಿಯೂ ಬಂತು. 1972ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಕಂಚಿನ ಚಿರತೆಯೂ ಬಂತು. ಹೆಣ ಕೊಳೆಯುತ್ತಿರುವಾಗ ಶಾಸ್ತ್ರ ಹುಡುಕುವ ಅಗ್ರಹಾರದ ಕಥೆ ಆಲ್ಪ್ಸ್ ಪರ್ವತದ ತಪ್ಪಲಿನವರಿಗೆ ಅರ್ಥವಾಯಿತೆಂದ ಮೇಲೆ, ಹಾಲಿವುಡ್ಡಿನವರಿಗೆ ಆಗುತ್ತಿರಲಿಲ್ಲವೆಂದು ಮೊದಲೇ ತೀರ್ಮಾನಿಸುವುದು ಹೇಗೆ?

ಆದರೂ ಭಾಷೆಯ ತೊಡಕು ಇಲ್ಲವೆಂದು ಹೇಳಲಾರೆ. ಭಾಷೆಯ ಮೇಷ್ಟ್ರಾಗಿ ಆ ಮಾತನ್ನು ಆಡಿದರೆ ಅಪಚಾರವಾದೀತು. 'ಚೋಮನ ದುಡಿ'ಯನ್ನು ಇಂಗ್ಲಿಷಿನಲ್ಲಿ 'ಚೋಮಾಸ್ ಡ್ರಂ' ಎನ್ನುತ್ತಾರೆ. ವಾದ್ಯವೇನೋ ಬಂತು. ಆದರೆ ದುಡಿ ಎಂದರೆ ದುಡಿಯುವುದೂ ಹೌದಲ್ಲ. ಜೀವಮಾನವೆಲ್ಲ ದುಡಿದರೂ ತುಂಡು ನೆಲ ದಕ್ಕದವನ ಕೈಯಲ್ಲಿ ಆ ಹೆಸರಿನ ವಾದ್ಯವಿದೆ. ಕಾರಂತರು 1933ರಲ್ಲಿಯೇ ಇಟ್ಟ ಆ ಹೆಸರಿನ ಅರ್ಧ ಭಾಗ ಸಮುದ್ರ ದಾಟುವಾಗ ಮುಳುಗಿಹೋಗುತ್ತದೆ. 'ಘಟಶ್ರಾದ್ಧ'ವನ್ನು 'ದಿ ರಿಚುಯಲ್' ಎಂದರು. ಯಾವುದೋ ಒಂದು ಆಚರಣೆ ಎಂದಷ್ಟೇ ಆಯಿತು. ಬದುಕಿರುವವಳನ್ನು ಸತ್ತಳೆಂದು ಬಗೆದು, ಮಡಕೆಯೊಡೆದು, ಹೆತ್ತ ತಂದೆಯೇ ಶ್ರಾದ್ಧ ಮಾಡುವುದನ್ನು ಒಂದು ಶಬ್ದದಲ್ಲಿ ಹೇಳಬಲ್ಲ ನುಡಿ ಎಷ್ಟಿವೆಯೋ ತಿಳಿಯದು. ಇಲ್ಲದಿರುವುದೇ ಆ ನುಡಿಗಳ ಭಾಗ್ಯವೆನ್ನಬೇಕು. ಎ.ಕೆ. ರಾಮಾನುಜನ್ ಜಾಣರು, 1976ರಲ್ಲಿ 'ಸಂಸ್ಕಾರ'ವನ್ನು ಇಂಗ್ಲಿಷಿಗೆ ತಂದಾಗ ಹೆಸರನ್ನು ಮುಟ್ಟದೆ ಹಾಗೆಯೇ ಉಳಿಸಿ, ಕೆಳಗೊಂದು ವಿವರಣೆ ಸೇರಿಸಿದರು.

ಈ ಅನುವಾದದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ನಲ್ಲೂರಿನ ಒಂದು ರಾತ್ರಿ. 1985ರ ಸುಮಾರು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ ಅಧ್ಯಾಪಕ. ಚಲನಚಿತ್ರ ಸಂಘಗಳ ಹುಚ್ಚು ಸಣ್ಣ ಊರುಗಳಿಗೂ ಹಬ್ಬಿದ್ದ ಕಾಲ. ನಾವು ನಾಲ್ಕಾರು ಮಂದಿ ಗೆಳೆಯರು ಹಣ ಕೂಡಿಸಿ, 'ಘಟಶ್ರಾದ್ಧ'ದ ಹದಿನಾರು ಮಿಲಿಮೀಟರಿನ ಪ್ರತಿಯೊಂದನ್ನು ಎರವಲು ತಂದು ಕಾಲೇಜಿನಲ್ಲಿ ತೋರಿಸಿದೆವು. ಪ್ರತಿಯನ್ನು ಹಿಂದಿರುಗಿಸಲು ಇನ್ನೂ ಒಂದು ದಿನವಿತ್ತು. ಊರಿಗೆ ತಂದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಎರಡು ಬಿಳಿ ಪಂಚೆ ಹೊಲಿದು ಕಟ್ಟಿ ಪರದೆ ಮಾಡಿದೆವು. ಬಾಡಿಗೆಗೆ ತಂದ ಯಂತ್ರ ಎರಡು ಸಲ ನಿಂತಿತು, ಒಂದು ಸಲ ವಿದ್ಯುತ್ತು ಹೋಯಿತು. ಜನ ಎದ್ದುಹೋಗಲಿಲ್ಲ.

ನೋಡುವವರ ನಡುವೆ ನಮ್ಮ ಅಜ್ಜನ ತಂಗಿಯೊಬ್ಬರಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಹದಿನಾಲ್ಕನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ತವರಿಗೆ ಬಂದವರು; ಆಮೇಲೆ ಆ ಮನೆಯ ಹೊಸ್ತಿಲನ್ನು ದಾಟಿ ಹೋದದ್ದು ಎಷ್ಟು ಸಲವೋ, ಬೆರಳಲ್ಲಿ ಎಣಿಸಬಹುದು. ಸಿನಿಮಾ ಎಂಬುದನ್ನು ಅವರು ಎಂದೂ ಕಂಡಿರಲಿಲ್ಲ. ಅವರನ್ನು ಇದಕ್ಕೆ ಕರೆತರಬೇಕೆ ಬೇಡವೆ ಎಂದು ಮನೆಯಲ್ಲಿ ವಾದವಾಗಿತ್ತು. ಬೇಡವೆಂದವರಲ್ಲಿ ನಾನೂ ಒಬ್ಬ. ಅವರೇ ಬಂದು ಕಂಬಕ್ಕೆ ಒರಗಿ ಕುಳಿತರು.

ಕಥೆ ನಿಮಗೆ ಗೊತ್ತಿರಬಹುದು. ವೇದ ಕಲಿಯಲು ಉಡುಪರ ಮನೆಗೆ ಬಂದ ನಾಣಿ ಎಂಬ ಪುಟ್ಟ ಹುಡುಗ. ಅವನನ್ನು ತಾಯಿಯಂತೆ ಕಾಣುವ ಉಡುಪರ ವಿಧವೆ ಮಗಳು ಯಮುನಾ. ಅವಳ ಬಸಿರು, ಊರಿನ ಕಣ್ಣು, ಬಹಿಷ್ಕಾರ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಬುಡದಲ್ಲಿ ಕುಳಿತ ಅವಳನ್ನು ಬಿಟ್ಟು, ಹುಡುಗ ತಂದೆಯ ಕೈಹಿಡಿದು ಊರಿಗೆ ನಡೆಯುತ್ತಾನೆ. ಕಪ್ಪುಬಿಳುಪಿನ ಚಿತ್ರ, ಬಿ.ವಿ. ಕಾರಂತರ ಸಂಗೀತ. ನಿರ್ದೇಶಕರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ನಾನು ಪರದೆಯನ್ನು ನೋಡುವುದು ಬಿಟ್ಟು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಏನೂ ಕಾಣಲಿಲ್ಲ. ನಡುವೆ ಒಂದು ಸಲ ನನ್ನನ್ನು ಹತ್ತಿರ ಕರೆದು ಕೇಳಿದರು: "ಕೆಳಗಡೆ ಏನೋ ಬರೀತಾ ಹೋಗ್ತಾನಲ್ಲ, ಅದು ಯಾರಿಗೋ?"

ಇಂಗ್ಲಿಷ್ ಅಡಿಬರಹ. ಕನ್ನಡ ಬಾರದವರಿಗೆ ಅರ್ಥವಾಗಲೆಂದು ಹಾಕಿರುತ್ತಾರೆ, ಪರದೇಶದವರೂ ನೋಡುತ್ತಾರೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಅವರಿಗೂ ಹೇಳ್ತಾರಾ?" ಎಂದರು. ಆ ಮಾತಿನಲ್ಲಿ ಇದ್ದದ್ದು ನಾಚಿಕೆಯೋ, ಸಮಾಧಾನವೋ ನನಗೆ ಇಂದಿಗೂ ಬಿಡಿಸಲಾಗಿಲ್ಲ. ಚಿತ್ರ ಮುಗಿದ ಮೇಲೆ ಎದ್ದು ಸೀರೆ ಕೊಡವಿಕೊಂಡು, "ಆ ಹುಡುಗನ್ನ ಅವರಪ್ಪ ಕರಕೊಂಡು ಹೋಗಬಾರದಾಗಿತ್ತು" ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಅನೇಕ ವಿಮರ್ಶೆಗಳನ್ನು ಓದಿದ್ದೇನೆ. ಆ ಚಿತ್ರದ ಬಗ್ಗೆ ಅದಕ್ಕಿಂತ ಹತ್ತಿರದ ಮಾತನ್ನು ಕಂಡಿಲ್ಲ.

ಪರದೇಶದವರಿಗೆ ಹೇಳುವ ಈ ಪ್ರಶ್ನೆಯಲ್ಲಿ ಬ್ರಿಟನ್ನಿನ ಒಂದು ಉದಾಹರಣೆ ನನಗೆ ಬಹಳ ಕುತೂಹಲದ್ದಾಗಿ ತೋರುತ್ತದೆ. ಅಲ್ಲಿ ವೇಲ್ಸ್ ಎಂಬ ಸೀಮೆ ಇದೆ. ವೆಲ್ಷ್ ಅಲ್ಲಿಯ ಹಳೆಯ ನುಡಿ. 1991ರ ಜನಗಣತಿಯಲ್ಲಿ ವೇಲ್ಸ್‌ನಲ್ಲಿ ಅದನ್ನು ಬಲ್ಲವರು ಸುಮಾರು ಐದು ಲಕ್ಷ. ಆ ನುಡಿಯಲ್ಲಿ 'ಹೆಡ್ ವಿನ್' ಎಂಬ ಚಿತ್ರ ತಯಾರಾಗಿ 1993ರ ಸ್ಪರ್ಧೆಯ ಕೊನೆಯ ಐದರಲ್ಲಿ ಸೇರಿತು. ಹೆಡ್ ವಿನ್ ಒಬ್ಬ ಕವಿಯ ಕಾವ್ಯನಾಮ, ಕುರಿ ಕಾಯುವ ರೈತರ ಮನೆಯ ಹುಡುಗ. ವೇಲ್ಸ್‌ನವರ ಕಾವ್ಯೋತ್ಸವದಲ್ಲಿ ಗೆದ್ದ ಕವಿಗೆ ಒಂದು ಕುರ್ಚಿಯನ್ನು ಬಹುಮಾನವಾಗಿ ಕೊಡುವ ಸಂಪ್ರದಾಯ. 1917ರಲ್ಲಿ ಗೆದ್ದವನ ಹೆಸರು ಕೂಗಿದಾಗ ಯಾರೂ ಎದ್ದು ಬರಲಿಲ್ಲ. ಕವಿ ಕೆಲವೇ ವಾರಗಳ ಹಿಂದೆ ಬೆಲ್ಜಿಯಮ್ಮಿನ ರಣರಂಗದಲ್ಲಿ ಸತ್ತಿದ್ದ. ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು.

ಐದು ಲಕ್ಷ ಜನರ ನುಡಿ ಅಷ್ಟು ದೂರ ಹೋದದ್ದು ಹೇಗೆ? ಗುಟ್ಟು ನಿಯಮದಲ್ಲಿಯೇ ಇದೆ. ಈ ಸ್ಪರ್ಧೆಗೆ ಇಂಗ್ಲಿಷ್ ಚಿತ್ರ ಬರುವಂತಿಲ್ಲ. ಆದ್ದರಿಂದ ಆ ಕಾಲದಲ್ಲಿ ಬ್ರಿಟನ್ ಕಳಿಸಬೇಕೆಂದರೆ ತನ್ನ ದೊಡ್ಡ ನುಡಿಯನ್ನು ಮನೆಯಲ್ಲಿ ಬಿಟ್ಟು ಚಿಕ್ಕ ನುಡಿಯ ಕೈಹಿಡಿಯಬೇಕಾಗಿತ್ತು. ನಮ್ಮಲ್ಲಿ ಇದರ ತದ್ವಿರುದ್ಧ. ಅತಿ ದೊಡ್ಡ ನುಡಿಗೂ ಆ ಬಾಗಿಲಲ್ಲಿ ಪ್ರವೇಶವಿದೆಯಾದ್ದರಿಂದ ಬಾಗಿಲು ತೆರೆದಾಗಲೆಲ್ಲ ಬಹುಪಾಲು ಅದೇ ಮುಂದಿರುತ್ತದೆ. ಇದು ಯಾರ ದುರುದ್ದೇಶವೂ ಅಲ್ಲ, ಹೆಚ್ಚು ಭುಜಗಳಿರುವ ಕಡೆ ತಳ್ಳಾಟದಲ್ಲಿ ಗೆಲುವು. ಸ್ಪೇನಿನಂಥ ದೇಶ 2011ರಲ್ಲಿ ಕೆಟಲಾನ್ ನುಡಿಯ ಚಿತ್ರವನ್ನು, 2015ರಲ್ಲಿ ಬಾಸ್ಕ್ ನುಡಿಯ ಚಿತ್ರವನ್ನು ತನ್ನದೆಂದು ಕಳಿಸಿತು, ಮನಸ್ಸಿದ್ದರೆ ಮಾರ್ಗವುಂಟು.

ಕನ್ನಡ ನುಡಿ ಹೋಗದಿದ್ದರೂ ಕನ್ನಡ ನಾಡು ಹಿತ್ತಲ ಬಾಗಿಲಿಂದ ಎಷ್ಟೋ ಸಲ ಹೋಗಿದೆ. 1962ರಲ್ಲಿ ಭಾರತ ಕಳಿಸಿದ 'ಸಾಹಿಬ್ ಬೀಬಿ ಔರ್ ಗುಲಾಮ್' ಚಿತ್ರದ ನಿರ್ಮಾಪಕ, ನಟ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಅದರ ನೆರಳು ಬೆಳಕನ್ನು ನೇಯ್ದವರು ಮೈಸೂರಿನ ವಿ.ಕೆ. ಮೂರ್ತಿ, ಅವರು ಆ ವಿದ್ಯೆಯನ್ನು ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ. 'ಮಂಥನ್' ಚಿತ್ರದ ಛಾಯಾಗ್ರಾಹಕ ಗೋವಿಂದ ನಿಹಲಾನಿಯವರೂ ಅಲ್ಲಿಯೇ ಓದಿದವರು, ಮೂರ್ತಿಯವರ ಕೈಕೆಳಗೆ ಪಳಗಿದವರು. ಆ ಚಿತ್ರದ ನಾಯಕ ಗಿರೀಶ ಕಾರ್ನಾಡರು, ಜೊತೆಗೆ ಅನಂತನಾಗ್. 1965ರ 'ಗೈಡ್' ಮೈಸೂರಿನಲ್ಲಿ ನೆಲೆಸಿದ ಆರ್.ಕೆ. ನಾರಾಯಣರ ಕಾದಂಬರಿ, ಮಾಲ್ಗುಡಿಯನ್ನು ಎತ್ತಿಕೊಂಡು ಹೋಗಿ ಉದಯಪುರದಲ್ಲಿಟ್ಟರೆಂದು ನಾರಾಯಣರು ತಮ್ಮ ಎಂದಿನ ನಗುಮುಖದ ಸಿಟ್ಟಿನಲ್ಲಿ ಬರೆದುಕೊಂಡಿದ್ದಾರೆ. ಡೇವಿಡ್ ಲೀನ್ 1984ರ 'ಎ ಪ್ಯಾಸೇಜ್ ಟು ಇಂಡಿಯಾ'ಕ್ಕೆ ಬೇಕಾದ ಗುಹೆಗಳನ್ನು ಕಂಡದ್ದು ಸಾವನದುರ್ಗ, ರಾಮನಗರದ ಬಂಡೆಗಳಲ್ಲಿ. ಆ ಚಿತ್ರಕ್ಕೆ ಎರಡು ಆಸ್ಕರ್ ಬಂದವು. ನಮ್ಮ ಬಂಡೆಗಳು ಹೋದವು, ನಮ್ಮ ಬೆಳಕು ಹೋಯಿತು, ನಮ್ಮ ಮುಖಗಳು ಹೋದವು. ಮಾತೊಂದು ಹೋಗಲಿಲ್ಲ.

ತಪ್ಪನ್ನೆಲ್ಲ ನಿಯಮದ ಮೇಲೆ, ದೂರದವರ ಮೇಲೆ ಹೊರಿಸಿ ಕೂರುವುದು ಸುಲಭ. ನಾನೂ ಎಷ್ಟೋ ಕಾಲ ಹಾಗೆಯೇ ಮಾಡಿದೆ. ಆದರೆ ನಮ್ಮ ಕಡೆಯನ್ನೂ ನೋಡಿಕೊಳ್ಳಬೇಕು. ಚಿತ್ರವನ್ನು ಆರಿಸುವುದು ಭಾರತೀಯ ಚಲನಚಿತ್ರ ಒಕ್ಕೂಟ ನೇಮಿಸುವ ಸಮಿತಿ. ಅದರ ಮುಂದೆ ಚಿತ್ರ ಬರಬೇಕಾದರೆ ನಿರ್ಮಾಪಕ ತಾನೇ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು. ಆಯ್ಕೆಯಾದ ಮೇಲಿನ ಖರ್ಚು ಇನ್ನೂ ದೊಡ್ಡದು. ಲಾಸ್ ಏಂಜಲೀಸಿನಲ್ಲಿ ಬಿಡಾರ ಹೂಡಿ, ಮತದಾರರನ್ನು ಕರೆದು ತೋರಿಸಿ, ಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕು. ಸರ್ಕಾರದ ಸಹಾಯಧನವನ್ನೂ ಸ್ನೇಹಿತರ ಸಾಲವನ್ನೂ ನಂಬಿ ಚಿತ್ರ ತೆಗೆದ ನಮ್ಮ ನಿರ್ಮಾಪಕರಿಗೆ ಮೆಜೆಸ್ಟಿಕ್ಕಿನಲ್ಲಿ ಒಂದು ವಾರ ಥಿಯೇಟರು ಸಿಕ್ಕುವುದೇ ಕನಸಾಗಿದ್ದಾಗ, ಕ್ಯಾಲಿಫೋರ್ನಿಯಾದ ಮಾತೆಲ್ಲಿ ಬಂತು?

ಮರಾಠಿಗರ ವಿಚಾರ ಹೇಳಿದರೆ ನಮಗೆ ಸ್ವಲ್ಪ ಮುಜುಗರವಾದೀತು. ರಾಷ್ಟ್ರಪ್ರಶಸ್ತಿ ಪಡೆದ ಅವರ 'ಶ್ವಾಸ್' 2004ರಲ್ಲಿ ಸ್ಪರ್ಧೆಗೆ ಆಯ್ಕೆಯಾದಾಗ ಕೈಯಲ್ಲಿ ಕಾಸಿರಲಿಲ್ಲ. ಮಹಾರಾಷ್ಟ್ರದ ಸಾಮಾನ್ಯ ಜನ ಚಂದಾ ಎತ್ತಿ ಕೊಟ್ಟರು. ಚಿತ್ರ ಕೊನೆಯ ಐದರಲ್ಲಿ ಬರಲಿಲ್ಲ. ಆದರೆ ಅದು ಹೊರಟಾಗ ಒಂದು ನಾಡು ಅದರ ಬೆನ್ನಿಗಿತ್ತು. ನಮ್ಮ 'ದ್ವೀಪ'ವನ್ನು ನಿರ್ಮಿಸಿ, ಅದರಲ್ಲಿ ನಾಯಕಿಯೂ ಆದ ಸೌಂದರ್ಯ ಅದೇ 2004ರಲ್ಲಿ ವಿಮಾನ ದುರಂತದ ಪಾಲಾದರು; ಆ ದಿನ ಎಲ್ಲ ಪತ್ರಿಕೆಗಳೂ ಅವರ ಜನಪ್ರಿಯ ಚಿತ್ರಗಳನ್ನು ಎಣಿಸಿದವು. ಅಣೆಕಟ್ಟಿನ ನೀರು ಏರುತ್ತಿರುವ ಗುಡ್ಡದ ಮೇಲೆ ಉಳಿದ ಆ ಮನೆಯ ಚಿತ್ರವನ್ನು ಶರಾವತಿಯ ದಡದವರೇ ಎಷ್ಟು ಮಂದಿ ನೋಡಿದ್ದಾರೆ? ನಾನು ತರಗತಿಯಲ್ಲಿ ಕೇಳಿದಾಗಲೆಲ್ಲ ಎರಡೋ ಮೂರೋ ಕೈಗಳು ಏಳುತ್ತಿದ್ದವು. 'ತಬರನ ಕಥೆ'ಗೆ ಅದಕ್ಕಿಂತ ಸ್ವಲ್ಪ ಹೆಚ್ಚು, ಅದೂ ಪಠ್ಯದಲ್ಲಿ ಓದಿದ್ದರ ಪುಣ್ಯ. ರಾಟರ್ಡ್ಯಾಮ್ ಉತ್ಸವದವರು 2003ರಲ್ಲಿ ಕಾಸರವಳ್ಳಿಯವರ ಚಿತ್ರಗಳನ್ನು ಸಾಲಾಗಿ ತೋರಿಸಿ ಗೌರವಿಸಿದರೆಂಬ ಸುದ್ದಿ ಓದಿ ಹೆಮ್ಮೆಪಟ್ಟ ನಾನೂ ಅವುಗಳಲ್ಲಿ ಕೆಲವನ್ನು ಆಗಿನ್ನೂ ನೋಡಿರಲಿಲ್ಲ.

ಹೊಸಬರು ಬಂದರು. ಮಂಡ್ಯದ ಹಳ್ಳಿಯೊಂದರಲ್ಲಿ ಊರವರನ್ನೇ ನಟರನ್ನಾಗಿ ಮಾಡಿ ರಾಮ್ ರೆಡ್ಡಿ ತೆಗೆದ 'ತಿಥಿ' 2015ರಲ್ಲಿ ಲೊಕಾರ್ನೊದಲ್ಲಿ ಎರಡು ಬಹುಮಾನ ಪಡೆಯಿತು. 'ಸಂಸ್ಕಾರ'ಕ್ಕೆ ಮಣೆ ಹಾಕಿದ ಅದೇ ಊರು. ಒಂದರಲ್ಲಿ ಹೆಣದ ಮುಂದೆ ಶಾಸ್ತ್ರ, ಇನ್ನೊಂದರಲ್ಲಿ ನೂರೊಂದು ವರ್ಷದ ಗಡ್ಡಪ್ಪನ ತಂದೆಯ ತಿಥಿಯ ಮುಂದೆ ಜಮೀನಿನ ಲೆಕ್ಕ. ಸಾವಿನ ಸುತ್ತ ಬದುಕಿರುವವರು ಆಡುವ ಆಟದ ಕಥೆಯನ್ನು ಕನ್ನಡ ಎರಡು ಸಲ ಆ ಸರೋವರದ ದಡದಲ್ಲಿ ಹೇಳಿತು. 'ತಿಥಿ' ಇಲ್ಲಿ ತೆರೆಕಂಡ 2016ರಲ್ಲಿ ಭಾರತ ಆಸ್ಕರ್ ಸ್ಪರ್ಧೆಗೆ ಕಳಿಸಿದ್ದು ತಮಿಳಿನ 'ವಿಸಾರಣೈ'. ಅದೂ ಗಟ್ಟಿಯಾದ ಚಿತ್ರವೇ.

2024 ನನ್ನ ನೋಟ್‌ಬುಕ್ಕಿನಲ್ಲಿ ಸ್ವಲ್ಪ ದಪ್ಪಕ್ಷರದಲ್ಲಿ ಬರೆದ ವರ್ಷ. ಆ ವರ್ಷ 'ಮಂಥನ್' ಪುನರುದ್ಧಾರಗೊಂಡು ಕಾನ್ ಉತ್ಸವದಲ್ಲಿ ಹೊಸದಾಗಿ ಬೆಳಗಿತು. ಕೆಲವೇ ತಿಂಗಳಲ್ಲಿ 'ಘಟಶ್ರಾದ್ಧ'ವೂ ಹಾಗೆಯೇ ಹೊಸ ಜೀವ ಪಡೆದು ವೆನಿಸ್ಸಿನಲ್ಲಿ ಪ್ರದರ್ಶನ ಕಂಡಿತು. ಭಾರತದ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನ ಜೊತೆ ಅದಕ್ಕೆ ಕೈಜೋಡಿಸಿದ್ದು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಸಂಸ್ಥೆ. 1977ರಲ್ಲಿ ಒಂದು ಹೋಗಿ ಒಂದು ಉಳಿಯಿತು. ನಲವತ್ತೇಳು ವರ್ಷದ ಮೇಲೆ ಎರಡೂ ಒಂದೇ ವರ್ಷ ಹೊರಟವು. ಈ ಸಲ ಯಾವ ದೇಶದ ಚೀಟಿಯನ್ನೂ ಯಾರೂ ಕೇಳಲಿಲ್ಲ.

ಅದೇ ವರ್ಷ ಇನ್ನೊಂದು ನಡೆಯಿತು. ಚಿದಾನಂದ ನಾಯ್ಕ ಎಂಬ ತರುಣ, ವೈದ್ಯಕೀಯ ಓದಿ ಪುಣೆಯ ಚಲನಚಿತ್ರ ಶಾಲೆಗೆ ಹೋದವರು, ಅಲ್ಲಿ ಹದಿನಾರು ನಿಮಿಷದ ಒಂದು ಕನ್ನಡ ಚಿತ್ರ ಮಾಡಿದರು. ಹೆಸರು 'ಸೂರ್ಯಕಾಂತಿ ಹೂವುಗಳಿಗೇ ಮೊದಲು ತಿಳಿಯಿತು' ಎಂಬ ಅರ್ಥದ ಉದ್ದನೆಯ ಇಂಗ್ಲಿಷ್ ಹೆಸರು. ಕಾನ್ ಉತ್ಸವದಲ್ಲಿ ವಿದ್ಯಾರ್ಥಿಗಳ ಚಿತ್ರಗಳ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಕಿರುಚಿತ್ರಗಳ ಆಸ್ಕರ್‌ಗೆ ದೇಶದ ಶಿಫಾರಸು ಬೇಕಿಲ್ಲ. ಅಕಾಡೆಮಿ ಒಪ್ಪಿದ ಉತ್ಸವಗಳಲ್ಲಿ ಗೆದ್ದರೆ ಸಾಕು. ಹೀಗೆ ಆ ಪುಟ್ಟ ಕನ್ನಡ ಚಿತ್ರ ದೆಹಲಿ, ಮುಂಬಯಿ, ಚೆನ್ನೈಗಳನ್ನು ಬಳಸಿಕೊಂಡು ನೇರವಾಗಿ 2025ರ ಆಸ್ಕರ್‌ಗೆ ಅರ್ಹವಾದ ಚಿತ್ರಗಳ ಸಾಲಿಗೆ ಸೇರಿತು. ಮುಂದಿನ ಸುತ್ತಿಗೆ ಆಯ್ಕೆಯಾಗಲಿಲ್ಲ.

ಕಥೆಯೇನು ಗೊತ್ತೆ? ಊರಿನ ಹುಂಜವನ್ನು ಅಜ್ಜಿಯೊಬ್ಬಳು ಕದ್ದೊಯ್ಯುತ್ತಾಳೆ. ಹುಂಜ ಕೂಗದೆ ಊರಿಗೆ ಬೆಳಗಾಗುವುದೇ ಇಲ್ಲ. ಇದು ನಮ್ಮಲ್ಲಿ ಮನೆಮನೆಯ ಕಥೆ. ನಮ್ಮ ಅಜ್ಜನ ತಂಗಿ, ಅದೇ ಕೆಂಪು ಸೀರೆಯ ಅತ್ತೆ, ಬೆಳಗಿನ ಜಾವ ಒಲೆಯ ಮುಂದೆ ಕುಳಿತು ನನಗೆ ಹೇಳುತ್ತಿದ್ದ ಕಥೆ. ಅವರ ಕಥೆಯಲ್ಲಿ ಅಜ್ಜಿ ಮೂರ್ಖಳು, ಅವಳ ಹುಂಜವಿಲ್ಲದೆಯೂ ಊರಿಗೆ ಬೆಳಗಾಗುತ್ತಿತ್ತು. ಈ ಹುಡುಗ ಕಥೆಯನ್ನು ತಿರುಗಿಸಿ, ಸೂರ್ಯನನ್ನು ನಿಜವಾಗಿಯೂ ನಿಲ್ಲಿಸಿಬಿಟ್ಟಿದ್ದಾರೆ. ಅತ್ತೆ ಇದ್ದಿದ್ದರೆ ಒಪ್ಪುತ್ತಿದ್ದರೋ ಏನೋ.

ಆ ಚಿತ್ರವನ್ನು ನಾನು ನೋಡಿದ್ದು ನಲ್ಲೂರಿನ ಅದೇ ಮನೆಯ ಜಗಲಿಯಲ್ಲಿ, ರಜಕ್ಕೆ ಬಂದಿದ್ದ ತಂಗಿಯ ಮೊಮ್ಮಗಳ ಮೊಬೈಲಿನಲ್ಲಿ. ಹನ್ನೊಂದು ವರ್ಷದ ಹುಡುಗಿ, ಬೆಂಗಳೂರಿನಲ್ಲಿ ಓದುತ್ತಾಳೆ. ಇಬ್ಬರೂ ತಲೆಗೆ ತಲೆ ತಾಗಿಸಿ ಆ ಅಂಗೈಯಗಲದ ಪರದೆಯನ್ನು ನೋಡಿದೆವು. ನಡುವೆ ನಾನು ಕೈ ಅಡ್ಡ ಮಾಡಿ ಕುಳಿತೆನೆಂದು ಅವಳು ನನ್ನ ಬೆರಳನ್ನು ಸರಿಸಿ ಹೇಳಿದಳು: "ತಾತ, ಕೆಳಗಡೆ ಮುಚ್ಚಬೇಡಿ, ನಾನು ಅದನ್ನೇ ಓದ್ತಿರೋದು."